ಬೀರು ತುಂಬಿದವರಿಗೆ ಹಳೆ ಬಟ್ಟೆ

ಒಬ್ಬರು ಉಟ್ಟು ಬಿಟ್ಟ ಬಟ್ಟೆಯನ್ನು ಇನ್ನೊಬ್ಬರು ಬೆಲೆ ಕೊಟ್ಟು ಕೊಂಡರೆ ನೀರು ಉಳಿಯುತ್ತದೆ, ಕಸ ತಗ್ಗುತ್ತದೆ. ಆದರೆ ಈ ದಾರಿಯಲ್ಲಿ ಮೊದಲ ಹೆಜ್ಜೆ ಇಡಬೇಕಾದವರು ಯಾರು?

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಚಿಕ್ಕಪೇಟೆಯ ಸುತ್ತಮುತ್ತ ಬಹುತೇಕ ಅಂಗಡಿಗಳು ಬಾಗಿಲು ಹಾಕಿರುತ್ತವೆ. ಆ ಮುಚ್ಚಿದ ಬಾಗಿಲುಗಳ ಮುಂದೆ ಇನ್ನೊಂದು ಪೇಟೆ ಎದ್ದು ನಿಲ್ಲುತ್ತದೆ. ಬಿ.ವಿ.ಕೆ. ಅಯ್ಯಂಗಾರ್ ರಸ್ತೆಯ ಬದಿಯಲ್ಲಿ ಟಾರ್ಪಾಲು ಹಾಸಿ, ಮೂಟೆ ಬಿಚ್ಚಿ, ನಗರ ಬಳಸಿ ಬಿಟ್ಟದ್ದನ್ನೆಲ್ಲ ವ್ಯಾಪಾರಿಗಳು ಮತ್ತೆ ಮಾರಾಟಕ್ಕಿಡುತ್ತಾರೆ. ನಿಂತ ಗಡಿಯಾರ, ಸ್ಪ್ಯಾನರ್, ಮೊಬೈಲ್ ಚಾರ್ಜರ್, ಒಂಟಿ ಸ್ಪೀಕರ್, ಪಾಲಿಶ್ ಹಾಕಿದ ಹಳೆ ಶೂ. ಇವುಗಳ ನಡುವೆ ಮೊಣಕಾಲೆತ್ತರದ ಬಟ್ಟೆಯ ರಾಶಿ. ಸಂಡೇ ಬಜಾರ್ ಎಂದರೆ ಊರಿನವರಿಗೆಲ್ಲ ಗೊತ್ತು.

ರಾಶಿಯ ಮುಂದೆ ಕುಕ್ಕರುಗಾಲಲ್ಲಿ ಕೂತು ಆರಿಸುವವರ ಕೈಯನ್ನು ಸ್ವಲ್ಪ ಹೊತ್ತು ಗಮನಿಸಬೇಕು. ಪಳಗಿದ ಕೈ ಬಣ್ಣಕ್ಕೆ ಮರುಳಾಗುವುದಿಲ್ಲ. ಶರ್ಟನ್ನು ಎತ್ತಿಕೊಂಡರೆ ಮೊದಲು ಕಾಲರಿನ ಮಡಿಕೆ ಬಿಡಿಸುತ್ತದೆ. ಬೆವರು ಇಳಿದು, ಕುತ್ತಿಗೆ ಉಜ್ಜಿ ಬಟ್ಟೆ ಮೊದಲು ಸವೆಯುವುದು ಅಲ್ಲಿ. ಆಮೇಲೆ ಕಂಕುಳ ಹೊಲಿಗೆಯನ್ನು ಎರಡೂ ಕಡೆ ಹಿಡಿದು ಮೆಲ್ಲಗೆ ಎಳೆಯುತ್ತದೆ. ದಾರ ಬಿಟ್ಟಿದ್ದರೆ ಅಲ್ಲೇ ಗೊತ್ತಾಗುತ್ತದೆ. ಬೆನ್ನಿನ ಭಾಗವನ್ನು ಆಕಾಶಕ್ಕೆ ಹಿಡಿದರೆ ತೆಳ್ಳಗಾದ ಜಾಗದಲ್ಲಿ ಬೆಳಕು ತೂರುತ್ತದೆ. ಗುಂಡಿ ಎಷ್ಟಿವೆ, ಕಾಜಾ ಬಿಚ್ಚಿಕೊಂಡಿದೆಯೇ, ಒಳಗಿನ ಲೇಬಲ್‌ನಲ್ಲಿ ಕಾಟನ್ ಎಂದಿದೆಯೋ ಪಾಲಿಯೆಸ್ಟರ್ ಎಂದಿದೆಯೋ, ಎಲ್ಲ ನೋಡಿಯಾದ ಮೇಲೆ ಬಟ್ಟೆ ಒಮ್ಮೆ ಮೂಗಿನ ಹತ್ತಿರ ಬರುತ್ತದೆ. ಚೌಕಾಸಿ ಶುರುವಾಗುವುದು ಇಷ್ಟೆಲ್ಲ ಮುಗಿದ ಮೇಲೆ.

ಹವಾನಿಯಂತ್ರಿತ ಮಳಿಗೆಯಲ್ಲಿ ಹೊಸ ಶರ್ಟು ಕೊಳ್ಳುವಾಗ ಎಷ್ಟು ಜನ ಹೀಗೆ ಹೊಲಿಗೆ ಎಳೆದು ನೋಡುತ್ತಾರೆ? ಅಲ್ಲಿ ನಾವು ನೋಡುವುದು ಕನ್ನಡಿಯಲ್ಲಿ ನಮ್ಮನ್ನು, ಚೀಟಿಯಲ್ಲಿ ರಿಯಾಯಿತಿಯನ್ನು. ಬಟ್ಟೆ ಎಷ್ಟು ದಿನ ಬಾಳುತ್ತದೆ ಎಂಬ ಪ್ರಶ್ನೆ ಇನ್ನೂ ಜೀವಂತವಾಗಿರುವುದು ಈ ಬೀದಿಬದಿಯಲ್ಲಿ. ಇಲ್ಲಿಗೆ ಬರುವವರು ಹೆಚ್ಚಾಗಿ ಕಟ್ಟಡ ಕೆಲಸದವರು, ಹೋಟೆಲ್ ಹುಡುಗರು, ಡ್ರೈವರ್‌ಗಳು, ಹಾಸ್ಟೆಲ್ ವಿದ್ಯಾರ್ಥಿಗಳು. ಅವರ ತಲೆಯಲ್ಲಿರುವುದು ತಿಂಗಳ ಖರ್ಚಿನ ಲೆಕ್ಕ. ಭೂಮಿಯ ಲೆಕ್ಕ ಇಡಬೇಕಾದವರು, ಅಂದರೆ ಬೀರಿನ ಬಾಗಿಲು ಒತ್ತಿ ಮುಚ್ಚುವಷ್ಟು ಬಟ್ಟೆ ತುಂಬಿಕೊಂಡವರು, ಈ ಕಡೆ ಬರುವುದು ಅಪರೂಪ. ಈ ಲೇಖನ ಅವರನ್ನು ಉದ್ದೇಶಿಸಿದ್ದು.

ಒಂದು ಅಂಗಿಗೆ ಎಷ್ಟು ನೀರು

ಒಂದು ಹತ್ತಿ ಟೀ ಶರ್ಟ್ ತಯಾರಾಗಲು ಸುಮಾರು 2,700 ಲೀಟರ್ ನೀರು ಬೇಕೆಂದು ವಿಶ್ವ ವನ್ಯಜೀವಿ ನಿಧಿ ಅಂದಾಜು ಮಾಡಿದೆ. ಒಬ್ಬ ಮನುಷ್ಯ ಎರಡು ವರ್ಷಕ್ಕೂ ಹೆಚ್ಚು ಕಾಲ ಕುಡಿಯುವಷ್ಟು ನೀರು ಅದು. ಬಹುಪಾಲು ಹತ್ತಿಯ ಹೊಲದಲ್ಲೇ ಖರ್ಚಾಗುತ್ತದೆ, ಉಳಿದದ್ದು ಬಣ್ಣ ಹಾಕುವಲ್ಲಿ, ತೊಳೆಯುವಲ್ಲಿ. ಹತ್ತಿ ಬೇಡವೆಂದು ಪಾಲಿಯೆಸ್ಟರಿಗೆ ಹೋದರೂ ತಪ್ಪಿಸಿಕೊಳ್ಳಲಾಗದು. ಅದು ಪೆಟ್ರೋಲಿಯಂನಿಂದ ಬರುವ ನೂಲು. ಇಂದು ಜಗತ್ತಿನಲ್ಲಿ ತಯಾರಾಗುವ ನಾರಿನಲ್ಲಿ ಅರ್ಧಕ್ಕಿಂತ ಹೆಚ್ಚು ಪಾಲು ಅದರದೇ. ಒಗೆದಾಗಲೆಲ್ಲ ಕಣ್ಣಿಗೆ ಕಾಣದ ಪ್ಲಾಸ್ಟಿಕ್ ಎಳೆಗಳು ಬಚ್ಚಲಿನಿಂದ ಚರಂಡಿಗೆ, ಕೆರೆಗೆ, ಕೊನೆಗೆ ಸಮುದ್ರಕ್ಕೆ ಸೇರುತ್ತವೆ.

ಬ್ರಿಟನ್ನಿನ ಎಲೆನ್ ಮ್ಯಾಕ್‌ಆರ್ಥರ್ ಪ್ರತಿಷ್ಠಾನ 2017ರಲ್ಲಿ ಪ್ರಕಟಿಸಿದ ವರದಿಯ ಪ್ರಕಾರ 2000ದಿಂದ 2015ರವರೆಗಿನ ಹದಿನೈದು ವರ್ಷಗಳಲ್ಲಿ ಜಗತ್ತಿನ ಉಡುಪು ತಯಾರಿಕೆ ಹೆಚ್ಚುಕಡಿಮೆ ದುಪ್ಪಟ್ಟಾಯಿತು. ಅದೇ ಅವಧಿಯಲ್ಲಿ ಒಂದು ಉಡುಪನ್ನು ಬಿಸಾಡುವ ಮೊದಲು ತೊಡುವ ಸಲ ಮೂರನೇ ಒಂದು ಭಾಗಕ್ಕಿಂತ ಹೆಚ್ಚು ಇಳಿಯಿತು. ಹೆಚ್ಚು ಕೊಂಡೆವು, ಕಡಿಮೆ ತೊಟ್ಟೆವು. ಹಳೆ ಉಡುಪಿನ ನಾರು ಮತ್ತೆ ಹೊಸ ಉಡುಪಾಗಿ ಬರುವುದು ನೂರಕ್ಕೆ ಒಂದು ಪಾಲೂ ಇಲ್ಲ ಎಂದೂ ಆ ವರದಿ ಹೇಳಿತು. ಮರುಬಳಕೆಯ ಗುರುತಿರುವ ಡಬ್ಬಿಗೆ ಹಾಕಿದ ಅಂಗಿ ಇನ್ನೊಂದು ಅಂಗಿಯಾಗಿ ಹುಟ್ಟಿ ಬರುತ್ತದೆ ಎಂಬ ನಮ್ಮ ಸಮಾಧಾನಕ್ಕೆ ಹೆಚ್ಚು ಆಧಾರವಿಲ್ಲ. ಇರುವ ಅಂಗಿಯನ್ನು ಅಂಗಿಯಾಗಿಯೇ ಇನ್ನಷ್ಟು ದಿನ ತೊಡುವುದು ಎಲ್ಲಕ್ಕಿಂತ ಖಚಿತ ದಾರಿ. ಒಂದು ಉಡುಪು ಇನ್ನೂ ಒಂಬತ್ತು ತಿಂಗಳು ಹೆಚ್ಚು ಬಳಕೆಯಲ್ಲಿದ್ದರೆ ಅದರ ಇಂಗಾಲ, ನೀರು ಮತ್ತು ಕಸದ ಹೊರೆ ಶೇ 20ರಿಂದ 30ರಷ್ಟು ತಗ್ಗುತ್ತದೆ ಎಂದು ಬ್ರಿಟನ್ನಿನದೇ ಇನ್ನೊಂದು ಸಂಸ್ಥೆ 'ರ‍್ಯಾಪ್' ಲೆಕ್ಕ ಹಾಕಿದೆ.

ನೀರು, ನೂಲಿನ ಜೊತೆಗೆ ಅಂಗಿಯೊಳಗೆ ಕೈಗಳೂ ಇವೆ. ಈ ಮಾತು ಕರ್ನಾಟಕದವರಿಗೆ ಬೇರೆಯವರು ಹೇಳಿಕೊಡಬೇಕಾಗಿಲ್ಲ. ಪೀಣ್ಯ, ಬೊಮ್ಮನಹಳ್ಳಿ, ಮೈಸೂರು ರಸ್ತೆ, ದೊಡ್ಡಬಳ್ಳಾಪುರ, ಮದ್ದೂರಿನ ಗಾರ್ಮೆಂಟ್ಸ್‌ಗಳಲ್ಲಿ ಲಕ್ಷಾಂತರ ಹೆಣ್ಣುಮಕ್ಕಳು ದಿನವಿಡೀ ಮಷಿನ್ನಿನ ಮುಂದೆ ಕೂತು ಪರದೇಶದ ಅಂಗಡಿಗಳಿಗೆ ಉಡುಪು ಹೊಲಿಯುತ್ತಾರೆ. 2016ರ ಏಪ್ರಿಲ್‌ನಲ್ಲಿ ಭವಿಷ್ಯನಿಧಿ ಹಣ ಹಿಂಪಡೆಯಲು ಕೇಂದ್ರ ಸರ್ಕಾರ ಹೊಸ ನಿರ್ಬಂಧ ಹೇರಿದಾಗ ಅವರು ಸಾವಿರ ಸಾವಿರ ಸಂಖ್ಯೆಯಲ್ಲಿ ಬೆಂಗಳೂರಿನ ರಸ್ತೆಗೆ ಇಳಿದರು, ಸರ್ಕಾರ ಆ ನಿಯಮವನ್ನು ಹಿಂದಕ್ಕೆ ಪಡೆಯಿತು. ಅದಕ್ಕೂ ಮೂರು ವರ್ಷ ಮೊದಲು, 2013ರ ಏಪ್ರಿಲ್ 24ರಂದು, ಢಾಕಾ ಹೊರವಲಯದಲ್ಲಿ ಹಲವು ಗಾರ್ಮೆಂಟ್ಸ್‌ಗಳಿದ್ದ ರಾಣಾ ಪ್ಲಾಜಾ ಕಟ್ಟಡ ಕುಸಿದು 1,100ಕ್ಕೂ ಹೆಚ್ಚು ಮಂದಿ ಸತ್ತರು. ಅಗ್ಗದ ಅಂಗಿಯ ಬೆಲೆಯಲ್ಲಿ ಕಡಿತವಾಗಿದ್ದೇನು ಎಂಬುದು ಅಂದು ಜಗತ್ತಿಗೆಲ್ಲ ಕಂಡಿತು.

'ಹೊಸದು ಕೊಳ್ಳದಿದ್ದರೆ ಈ ಹೆಣ್ಣುಮಕ್ಕಳ ಕೆಲಸದ ಗತಿಯೇನು?' ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ. ಆದರೆ ರಾಶಿ ರಾಶಿ ಅಗ್ಗದ ಬಟ್ಟೆ ಮಾರಾಟವಾದ ಕಾಲದಲ್ಲೇ ಅವರ ಕೂಲಿ ಹಿಂಡಿಹೋಗಿದೆ, ಗಂಟೆಗೆ ಇಷ್ಟು ಪೀಸ್ ಎಂಬ ಟಾರ್ಗೆಟ್ ಏರಿದೆ. ಅವರಿಗೆ ಬೇಕಿರುವುದು ಒಂದೊಂದು ಅಂಗಿಗೂ ಸಿಗುವ ಒಳ್ಳೆಯ ಕೂಲಿ. ಹತ್ತು ಅಗ್ಗದ ಅಂಗಿ ಕೊಳ್ಳುವ ದುಡ್ಡಿನಲ್ಲಿ ಎರಡು ಬಾಳಿಕೆಯ ಅಂಗಿ ಹೊಸದಾಗಿ ಕೊಂಡು, ಉಳಿದ ಬೇಕುಗಳನ್ನು ಹಳೆಯದರಲ್ಲಿ ಪೂರೈಸಿಕೊಳ್ಳುವ ಗಿರಾಕಿ ಅವರಿಗೆ ವೈರಿಯಲ್ಲ.

ನಮ್ಮ ಮನೆಗಳ ಹಳೆ ಪದ್ಧತಿ

ಹಳೆ ಬಟ್ಟೆ ತೊಡುವುದನ್ನು ಹೊಸ ಫ್ಯಾಷನ್ ಎಂದು ಹೇಳಿದರೆ ನಮ್ಮ ಅಜ್ಜಿಯಂದಿರಿಗೆ ಅಚ್ಚರಿಯಾದೀತು. ಅಣ್ಣನ ಚಡ್ಡಿ ತಮ್ಮನಿಗೆ, ಅಕ್ಕನ ಲಂಗ ತಂಗಿಗೆ ಬರುತ್ತಿದ್ದುದು ಪ್ರತಿ ಮನೆಯ ನಡೆ. ಬೆಳೆಯುವ ಮಕ್ಕಳಿಗೆಂದು ಅಂಚನ್ನು ಒಳಗೆ ಮಡಿಸಿ ಹೊಲಿಸಿ, ವರ್ಷ ವರ್ಷ ಬಿಚ್ಚಿ ಇಳಿಸುತ್ತಿದ್ದರು. ಅಪ್ಪನ ಪಂಚೆ ಹರಿದರೆ ಮೈ ಒರೆಸುವ ಬಟ್ಟೆ, ಅದೂ ಹಳತಾದರೆ ಒಲೆಯ ಮುಂದಿನ ಮಸಿಬಟ್ಟೆ. ಹುಟ್ಟಿದ ಮಗುವನ್ನು ಮೊದಲು ಸುತ್ತುತ್ತಿದ್ದುದು ಒಗೆದು ಒಗೆದು ಮೆತ್ತಗಾದ ಹತ್ತಿ ಸೀರೆಯಲ್ಲಿ. ಹೊಸ ಬಟ್ಟೆಯ ಗಂಜಿ ಎಳೆ ಚರ್ಮಕ್ಕೆ ಒರಟು ಎಂಬುದು ಬಾಣಂತನ ಮಾಡುವ ಹೆಂಗಸರ ತಿಳಿವಳಿಕೆ.

ಉತ್ತರ ಕರ್ನಾಟಕದ ಕೌದಿ ಈ ತಿಳಿವಳಿಕೆಯ ದೊಡ್ಡ ರೂಪ. ಹಳೆ ಇಳಕಲ್ ಸೀರೆ, ಧೋತರ, ಕುಪ್ಪಸದ ತುಂಡುಗಳನ್ನು ಪದರ ಪದರವಾಗಿ ಹಾಸಿ, ಅಂಚಿನಿಂದ ಒಳಕ್ಕೆ ಸಾಲು ಸಾಲಾಗಿ ಕೈಹೊಲಿಗೆ ಹಾಕುತ್ತ ಹೋದರೆ ಚಳಿಗೆ ಹೊದೆಯಲು, ನೆಲಕ್ಕೆ ಹಾಸಲು, ತೊಟ್ಟಿಲಿಗೆ ಹಾಕಲು ಒಂದು ಕೌದಿ ಸಿದ್ಧ. ಯಲ್ಲಾಪುರ, ಹಳಿಯಾಳ, ಮುಂಡಗೋಡದ ಸಿದ್ದಿ ಹೆಣ್ಣುಮಕ್ಕಳು ಹೊಲಿಯುವ ಕವಂದಿಯ ಅಂದವೇ ಬೇರೆ. ಬೇರೆ ಬೇರೆ ಬಣ್ಣದ ತುಂಡುಗಳನ್ನು ಯಾವ ನಕ್ಷೆಯೂ ಇಲ್ಲದೆ ಕೂಡಿಸುತ್ತ ಬಂದು, ನಾಲ್ಕು ಮೂಲೆಗೂ ಮಡಿಸಿದ ಬಟ್ಟೆಯ ತ್ರಿಕೋನ ಹೂವು ಹೊಲಿದು ಮುಗಿಸುತ್ತಾರೆ. ಮೂಲೆಗೆ ಹೂವಿಲ್ಲದ ಕವಂದಿ ಅವರ ಕಣ್ಣಿಗೆ ಅಪೂರ್ಣ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳನ್ನು ಅಧ್ಯಯನ ಮಾಡಿದ್ದರಿಂದ ಈ ಕವಂದಿಗಳು ಅಲ್ಲಿನ ಪ್ರದರ್ಶನಗಳನ್ನೂ ಕಂಡಿವೆ.

ಸೀರೆಯಂತೂ ಕೈಬದಲಾಗಲೆಂದೇ ಹುಟ್ಟಿದ ಉಡುಪು. ಅದಕ್ಕೆ ಸೈಜು ಎಂಬುದಿಲ್ಲ. ತೆಳ್ಳಗಿನವರು, ದಪ್ಪಗಿನವರು, ಎತ್ತರದವರು, ಗಿಡ್ಡಗಿನವರು ಯಾರು ಬೇಕಾದರೂ ಉಡಬಹುದು, ರವಿಕೆಯೊಂದು ಹೊಲಿಸಿಕೊಂಡರೆ ಆಯಿತು. 1912ರಲ್ಲಿ ಶುರುವಾದ ಮೈಸೂರಿನ ಸರ್ಕಾರಿ ರೇಷ್ಮೆ ನೇಯ್ಗೆ ಕಾರ್ಖಾನೆಯ ಸೀರೆಗಳು ಅಜ್ಜಿಯಿಂದ ಮೊಮ್ಮಗಳಿಗೆ ಬಂದ ಮನೆಗಳು ನಮ್ಮಲ್ಲಿ ಲೆಕ್ಕವಿಲ್ಲದಷ್ಟಿವೆ. ಹಳೆ ಜರಿ ಸೀರೆ ಕೊಳ್ಳುವವರಿಗೆ ಮಾರಿದ ಸೀರೆಯ ಪಾಡು ಬೇರೆ. ಜರಿ ಸುಟ್ಟು ಬೆಳ್ಳಿ ತೆಗೆದುಕೊಂಡರೆ ನೇಯ್ದವರ ಕೆಲಸವೆಲ್ಲ ಬೂದಿ. ಒಡಲು ಗಟ್ಟಿಯಿರುವ ಸೀರೆಯನ್ನು ಉಡುವವರಿಗೇ ಮಾರುವ ಪೇಟೆ ನಮ್ಮಲ್ಲಿ ಇನ್ನೂ ಬೆಳೆಯಬೇಕಾಗಿದೆ.

ಮನೆಯ ಹೊರಗೂ ಒಂದು ವ್ಯವಸ್ಥೆಯಿತ್ತು. ತಲೆಯ ಮೇಲೆ ಸ್ಟೀಲ್ ಪಾತ್ರೆಯ ಬುಟ್ಟಿ ಹೊತ್ತ ಹೆಂಗಸು ಬೀದಿಗೆ ಬಂದರೆ ಮನೆ ಮನೆಯ ಗೃಹಿಣಿಯರು ಹಳೆ ಪ್ಯಾಂಟು, ಸೀರೆ ಹಿಡಿದು ಜಗುಲಿಗೆ ಬರುತ್ತಿದ್ದರು. ಇಷ್ಟು ಬಟ್ಟೆಗೆ ಒಂದು ಡಬರಿ, ಇನ್ನೆರಡು ಸೇರಿಸಿದರೆ ಮುಚ್ಚಳವಿರುವ ಡಬ್ಬಿ. ಚೌಕಾಸಿ ಅರ್ಧ ಗಂಟೆ. ಗುಜರಾತ್ ಮೂಲದ ದೇವಿಪೂಜಕ ಸಮುದಾಯದ ಹೆಂಗಸರು ಅಹಮದಾಬಾದ್, ಮುಂಬೈ, ದೆಹಲಿಗಳಲ್ಲಿ ಇದನ್ನು ಪೂರ್ಣ ಪ್ರಮಾಣದ ಕಸುಬಾಗಿ ಬೆಳೆಸಿದ್ದಾರೆ. ದೆಹಲಿಯ ರಘುಬೀರ್ ನಗರದಲ್ಲಿ ಬೆಳಕು ಹರಿಯುವ ಮೊದಲೇ ಅವರ ಸಂತೆ ಕೂಡುತ್ತದೆ. ಮನೆಗಳಿಂದ ತಂದ ಬಟ್ಟೆ ಅಲ್ಲಿ ಕೈ ಬದಲಾಗಿ, ಒಗೆದು, ಹೊಲಿಗೆ ಸರಿಮಾಡಿ, ಇಸ್ತ್ರಿಯಾಗಿ ಬೇರೆ ಬೇರೆ ಊರಿನ ಸಂತೆಗಳಿಗೆ ಹೋಗುತ್ತದೆ. ಲೂಸಿ ನಾರಿಸ್ ಎಂಬ ಮಾನವಶಾಸ್ತ್ರಜ್ಞೆ ಭಾರತದ ಈ ಹಳೆ ಬಟ್ಟೆ ಜಾಲದ ಬಗ್ಗೆ 2010ರಲ್ಲಿ ಪುಸ್ತಕವನ್ನೇ ಬರೆದಿದ್ದಾರೆ. ಸುಸ್ಥಿರ ಫ್ಯಾಷನ್ ಎಂಬ ಮಾತು ಹುಟ್ಟುವ ಎಷ್ಟೋ ಮೊದಲೇ ಆ ಕೆಲಸವನ್ನು ಈ ಹೆಂಗಸರು ತಲೆಯ ಮೇಲೆ ಹೊತ್ತಿದ್ದರು.

ನಾಚಿಕೆಯ ಬೇರು

ಇಷ್ಟೆಲ್ಲ ಇದ್ದೂ 'ಈ ಸೀರೆ ಸೆಕೆಂಡ್ ಹ್ಯಾಂಡ್' ಎಂದು ಮದುವೆ ಮನೆಯಲ್ಲಿ ಹೇಳಲು ನಾಲಿಗೆ ಏಕೆ ತಡವರಿಸುತ್ತದೆ? ಅಕ್ಕ ಉಟ್ಟದ್ದು ಆಗುತ್ತದೆ, ಅಪರಿಚಿತರು ಉಟ್ಟದ್ದು ಆಗುವುದಿಲ್ಲ. ಕೊಳೆ ಕಾರಣವಾಗಿದ್ದರೆ ಒಗೆದರೆ ಮುಗಿಯಬೇಕಿತ್ತು. ಹೋಟೆಲ್ ರೂಮಿನ ಹಾಸಿಗೆಯಲ್ಲಿ, ಹೊದಿಕೆಯಲ್ಲಿ ಎಷ್ಟೋ ಅಪರಿಚಿತರು ಮಲಗಿರುತ್ತಾರೆ, ನಾವೂ ನೆಮ್ಮದಿಯಾಗಿ ನಿದ್ದೆ ಮಾಡುತ್ತೇವೆ. ಮೈಗೆ ತೊಡುವ ಬಟ್ಟೆಯ ವಿಷಯದಲ್ಲಿ ಮಾತ್ರ 'ಯಾರು ಉಟ್ಟಿದ್ದೋ' ಎಂಬ ಪ್ರಶ್ನೆ ಏಳುತ್ತದೆ. ಆ ಪ್ರಶ್ನೆಯೊಳಗೆ ಮಡಿ-ಮೈಲಿಗೆ ಇದೆ, ಸತ್ತವರ ಬಟ್ಟೆಯಿರಬಹುದೆಂಬ ಭಯವಿದೆ, ಎಲ್ಲಕ್ಕಿಂತ ಆಳದಲ್ಲಿ ಜಾತಿಯಿದೆ.

ನಮ್ಮ ಸಮಾಜದಲ್ಲಿ ಉಟ್ಟು ಬಿಟ್ಟ ಬಟ್ಟೆ ಯಾವಾಗಲೂ ಮೇಲಿನಿಂದ ಕೆಳಕ್ಕೆ ಇಳಿದಿದೆ. ಧಣಿಯಿಂದ ಆಳಿಗೆ, ಮನೆಯೊಡತಿಯಿಂದ ಕೆಲಸದವಳಿಗೆ. ಮನುಸ್ಮೃತಿಯ ಹತ್ತನೇ ಅಧ್ಯಾಯ ಚಂಡಾಲರಿಗೆ ಸತ್ತವರ ಬಟ್ಟೆಯೇ ಉಡುಗೆ ಎಂದು ವಿಧಿಸುತ್ತದೆ. ಒಬ್ಬ ಮನುಷ್ಯನನ್ನು ಕೆಳಗಿಡಲು ಅವನ ಮೈಮೇಲಿನ ಬಟ್ಟೆಯನ್ನೇ ಸಾಧನ ಮಾಡಿಕೊಂಡ ಚರಿತ್ರೆ ಇದು. 1927ರ ಮಹಾಡ್ ಸತ್ಯಾಗ್ರಹದ ಸಂದರ್ಭದಲ್ಲಿ ಡಾ. ಅಂಬೇಡ್ಕರ್ ದಲಿತ ಮಹಿಳೆಯರೊಂದಿಗೆ ಮಾತನಾಡುತ್ತ, ಅಸ್ಪೃಶ್ಯರೆಂದು ಗುರುತು ಹಿಡಿಸುವ ರೀತಿಯಲ್ಲಿ ಸೀರೆ ಉಡುವುದನ್ನು ಬಿಡಿ ಎಂದು ಕರೆ ಕೊಟ್ಟಿದ್ದು ಸುಮ್ಮನೆ ಅಲ್ಲ. ಅವರು ಸದಾ ಅಚ್ಚುಕಟ್ಟಾದ ಸೂಟು ತೊಟ್ಟದ್ದೂ ಸುಮ್ಮನೆ ಅಲ್ಲ. ತಲೆಮಾರುಗಟ್ಟಲೆ ಬೇರೆಯವರ ಹಳತನ್ನು ತೊಡಬೇಕಾಗಿ ಬಂದವರಿಗೆ ಹಬ್ಬಕ್ಕೊಂದು ಹೊಸ ಬಟ್ಟೆ ಎಂದರೆ ಘನತೆ.

ಆದ್ದರಿಂದ ಹಳೆ ಬಟ್ಟೆ ಕೊಳ್ಳಿ ಎಂಬ ಉಪದೇಶವನ್ನು ಎಲ್ಲರಿಗೂ ಒಂದೇ ಸಮನೆ ಮಾಡುವುದು ಅನ್ಯಾಯ. ವರ್ಷಕ್ಕೆ ಎರಡು ಜೊತೆ ಹೊಸ ಬಟ್ಟೆ ಕೊಳ್ಳುವ ಪೌರಕಾರ್ಮಿಕರ ಮನೆಯ ಮಗಳಿಗೆ ಭೂಮಿಯ ಪಾಠ ಹೇಳುವ ಅಗತ್ಯವೂ ಇಲ್ಲ, ಹಕ್ಕೂ ನಮಗಿಲ್ಲ. ಆಕೆಯ ಪಾಲಿನ ನೀರು, ಇಂಗಾಲ ಈಗಾಗಲೇ ತೀರ ಕಡಿಮೆ. ಹಳೆಯದನ್ನು ಕೊಳ್ಳುವ ಹೊಣೆ ಇರುವುದು ಆರಿಸಿಕೊಳ್ಳುವ ಅನುಕೂಲ ಇದ್ದವರಿಗೆ, ಅಂದರೆ ತಿಂಗಳ ಸಂಬಳ ಬಂದ ಕೂಡಲೇ ಮೊಬೈಲ್‌ನಲ್ಲಿ ಮೂರು ಕುರ್ತಾ ಆರ್ಡರ್ ಮಾಡಿ ಅದರಲ್ಲಿ ಒಂದನ್ನು ಒಮ್ಮೆಯೂ ತೊಡದವರಿಗೆ. ಅವರು ಹಳೆ ಬಟ್ಟೆಯನ್ನು ಬೆಲೆ ಕೊಟ್ಟು ಕೊಂಡು, ತೊಟ್ಟು, ತೊಟ್ಟದ್ದನ್ನು ಹೇಳಿಕೊಂಡಾಗ ಉಟ್ಟ ಬಟ್ಟೆ ಮೇಲಿನಿಂದ ಕೆಳಕ್ಕಷ್ಟೇ ಇಳಿಯಬೇಕೆಂಬ ಹಳೆ ನಿಯಮ ಮುರಿಯುತ್ತದೆ. ಪರಿಸರಕ್ಕೆ ಆಗುವ ಲಾಭದಷ್ಟೇ ದೊಡ್ಡ ಲಾಭ ಇದು.

ದಾನಕ್ಕೂ ಈ ಮಾತು ಅನ್ವಯಿಸುತ್ತದೆ. 1999ರಲ್ಲಿ ದೆಹಲಿಯಲ್ಲಿ ಗೂಂಜ್ ಸಂಸ್ಥೆ ಕಟ್ಟಿದ, ಮುಂದೆ 2015ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಪಡೆದ ಅಂಶು ಗುಪ್ತ ಬಟ್ಟೆಯನ್ನು ಭಿಕ್ಷೆಯಂತೆ ಹಂಚಲು ಒಪ್ಪಲಿಲ್ಲ. ಹಳ್ಳಿಯ ಜನ ತಮಗೇ ಬೇಕಾದ ಬಾವಿ ತೋಡುತ್ತಾರೆ, ರಸ್ತೆ ಸರಿಮಾಡುತ್ತಾರೆ, ಸಂಕ ಕಟ್ಟುತ್ತಾರೆ. ನಗರದಿಂದ ಬಂದ ಬಟ್ಟೆ ಆ ದುಡಿಮೆಗೆ ಸಲ್ಲುವ ಪ್ರತಿಫಲ. ಪಡೆಯುವವರು ತಲೆ ತಗ್ಗಿಸಬೇಕಾಗಿಲ್ಲ. ಕೊಡುವವರೂ ಹರಿದದ್ದನ್ನು, ಕಲೆಯಾದದ್ದನ್ನು ಮೂಟೆ ಕಟ್ಟುವ ಮೊದಲು ಎರಡು ಸಲ ಯೋಚಿಸುತ್ತಾರೆ.

ವಿದೇಶಕ್ಕೆ ಓದಲು ಹೋಗುವ ನಮ್ಮ ಮಕ್ಕಳು ಈ ನಾಚಿಕೆಯನ್ನು ಅಲ್ಲಿ ಬೇಗ ಕಳಚಿಕೊಳ್ಳುತ್ತಾರೆ. ಅಮೆರಿಕದ ಗುಡ್‌ವಿಲ್ ಅಂಗಡಿಯಲ್ಲೋ ಜರ್ಮನಿಯ ಹಳೆ ಸಾಮಾನಿನ ಸಂತೆಯಲ್ಲೋ ಮೊದಲ ಚಳಿಗಾಲದ ಕೋಟು ಕೊಂಡು ಖುಷಿಯಿಂದ ಮನೆಗೆ ಫೋಟೊ ಕಳಿಸುತ್ತಾರೆ. ಅದೇ ಮಕ್ಕಳು ರಜೆಗೆ ಊರಿಗೆ ಬಂದಾಗ ಇಲ್ಲಿನ ಹಳೆ ಬಟ್ಟೆಯ ರಾಶಿಯ ಮುಂದೆ ನಿಲ್ಲುವಂತಾದರೆ ಎಷ್ಟು ಚೆನ್ನ.

ಕೊಟ್ಟ ಮೂಟೆ ಎಲ್ಲಿಗೆ ಹೋಗುತ್ತದೆ

ಹಳೆಯದನ್ನು ಕೊಳ್ಳುವವರು ಇಲ್ಲದೆ ಬರೀ ಕೊಡುವವರು ತುಂಬಿಕೊಂಡರೆ ಏನಾಗುತ್ತದೆ ಎಂಬುದನ್ನು ಘಾನಾ ದೇಶದ ರಾಜಧಾನಿ ಅಕ್ರಾದಲ್ಲಿ ನೋಡಬಹುದು. ಅಲ್ಲಿನ ಕಾಂಟಮಾಂಟೊ ಮಾರುಕಟ್ಟೆಗೆ ಯುರೋಪು, ಅಮೆರಿಕಗಳಿಂದ ವಾರಕ್ಕೆ ಸುಮಾರು 1.5 ಕೋಟಿ ಹಳೆ ಉಡುಪು ಬಂದಿಳಿಯುತ್ತದೆ ಎಂದು ಅಲ್ಲಿ ಕೆಲಸ ಮಾಡುವ ಆರ್ ಫೌಂಡೇಶನ್ ಅಂದಾಜಿಸಿದೆ. ಅದು ಸೋಮಾರಿ ಪೇಟೆಯಲ್ಲ. ದರ್ಜಿಗಳು, ಬಣ್ಣ ಹಾಕುವವರು, ಇಸ್ತ್ರಿಯವರು ಸಾವಿರಾರು ಮಂದಿ ಹಳೆಯದನ್ನು ಹೊಸದು ಮಾಡುವಲ್ಲಿ ನಿಪುಣರು. ತೊಂದರೆಯಿರುವುದು ಬರುವ ಮಾಲಿನಲ್ಲಿ. ವ್ಯಾಪಾರಿ ಒಳಗೇನಿದೆ ಎಂದು ಬಿಚ್ಚಿ ನೋಡದೆ ಇಡೀ ಬೇಲ್ ಕೊಳ್ಳಬೇಕು. ಬೇಲ್ ಬಿಚ್ಚಿದಾಗ ಹರಿದ, ಕಲೆಯಾದ, ಎರಡೇ ಒಗೆತಕ್ಕೆ ಆಕಾರ ಕೆಟ್ಟ ಅಗ್ಗದ ಬಟ್ಟೆ ಸಿಕ್ಕರೆ ಸಾಲ ಅವನ ತಲೆಗೆ. ಐವತ್ತು ಕಿಲೊ ಮೀರಿದ ಆ ಬೇಲ್‌ಗಳನ್ನು ಕಿರಿದಾದ ಓಣಿಗಳಲ್ಲಿ ತಲೆಯ ಮೇಲೆ ಹೊರುವವರು ಉತ್ತರ ಘಾನಾದಿಂದ ದುಡಿಯಲು ಬಂದ ಎಳೆಯ ಹೆಣ್ಣುಮಕ್ಕಳು. ಮಾರಾಟವಾಗದ ಬಟ್ಟೆ ಚರಂಡಿ ಸೇರಿ, ಮಳೆಗೆ ಹರಿದು, ಸಮುದ್ರ ತೀರದಲ್ಲಿ ಉದ್ದುದ್ದ ಸಿಕ್ಕುಗಳಾಗಿ ಮರಳಲ್ಲಿ ಹೂತುಹೋಗುತ್ತದೆ. 2025ರ ಹೊಸ ವರ್ಷದ ಮೊದಲ ದಿನಗಳಲ್ಲೇ ಬೆಂಕಿ ಬಿದ್ದು ಆ ಮಾರುಕಟ್ಟೆಯ ದೊಡ್ಡ ಭಾಗ ಸುಟ್ಟಿತು.

ದಕ್ಷಿಣ ಅಮೆರಿಕದ ಚಿಲಿಯಲ್ಲೂ ಇದೇ ಕಥೆ. ಇಕೀಕೆ ಬಂದರಿಗೆ ಬಂದು ಮಾರಾಟವಾಗದ ಉಡುಪುಗಳನ್ನು ಹತ್ತಿರದ ಅಟಕಾಮ ಮರುಭೂಮಿಯಲ್ಲಿ ಸುರಿದು ಬೆಟ್ಟವಾಗಿರುವ ಚಿತ್ರಗಳು 2021ರಲ್ಲಿ ಜಗತ್ತನ್ನೆಲ್ಲ ಸುತ್ತಿದವು. ಕೆಲವಕ್ಕೆ ಅಂಗಡಿಯ ಚೀಟಿಯೂ ಹಾಗೇ ಅಂಟಿಕೊಂಡಿತ್ತು.

ಭಾರತ ಬಳಸಿದ ಉಡುಪಿನ ಆಮದನ್ನು ನಿರ್ಬಂಧಿಸಿದೆ, ಅದಕ್ಕೆ ಪರವಾನಗಿ ಬೇಕು. ಹಾಗಿದ್ದೂ ಗುಜರಾತಿನ ಕಾಂಡ್ಲಾ ವಿಶೇಷ ಆರ್ಥಿಕ ವಲಯದ ಘಟಕಗಳಿಗೆ ಹೊರದೇಶದ ಹಳೆ ಬಟ್ಟೆ ಬರುತ್ತದೆ. ಅಲ್ಲಿ ವಿಂಗಡಣೆಯಾಗಿ ಒಂದಷ್ಟು ಮತ್ತೆ ಹೊರದೇಶಕ್ಕೆ ಹೋಗುತ್ತದೆ. ಹರಿಯಾಣದ ಪಾಣಿಪತ್ ತಲುಪುವ ಉಣ್ಣೆಯ ಹಳೆ ಕೋಟು, ಸ್ವೆಟರುಗಳಿಂದ ಹೆಂಗಸರು ಗುಂಡಿ, ಜಿಪ್, ಲೇಬಲ್ ಕಿತ್ತು, ಕೆಂಪಿಗೆ ಕೆಂಪು, ಹಸಿರಿಗೆ ಹಸಿರು ಎಂದು ಬಣ್ಣದ ರಾಶಿ ಹಾಕುತ್ತಾರೆ. ಯಂತ್ರ ಅವುಗಳನ್ನು ನಾರು ನಾರಾಗಿ ಬಿಡಿಸುತ್ತದೆ, ನಾರು ಮತ್ತೆ ನೂಲಾಗಿ ಕಂಬಳಿಯಾಗುತ್ತದೆ. ನೆರೆ, ಭೂಕಂಪಗಳಲ್ಲಿ ಸಂತ್ರಸ್ತರಿಗೆ ಹಂಚಿದ ಕಂಬಳಿಗಳಲ್ಲಿ ಬಹಳಷ್ಟು ಪಾಣಿಪತ್ತಿನವು. ಮೇಘನಾ ಗುಪ್ತ ಅವರ 2012ರ ಸಾಕ್ಷ್ಯಚಿತ್ರ 'ಅನ್‌ರ‍್ಯಾವಲ್' ಈ ಹೆಂಗಸರ ದಿನಚರಿಯನ್ನು ತೋರಿಸಿತು. ಬಣ್ಣದ ಪ್ರಕಾರ ಬೇರ್ಪಡಿಸಿದ್ದರಿಂದ ಮತ್ತೆ ಬಣ್ಣ ಹಾಕುವ ನೀರೂ ಉಳಿಯುತ್ತದೆ. ಆದರೆ ಮೆತ್ತಗಿನ, ಅಗ್ಗದ ಪಾಲಿಯೆಸ್ಟರ್ ಹೊದಿಕೆಗಳು ಬಂದ ಮೇಲೆ ಈ ಕಂಬಳಿಯ ಬೇಡಿಕೆ ಕುಸಿದಿದೆ.

ನಮ್ಮದೇ ಮನೆಗಳ ಕಸವೂ ಕಡಿಮೆಯೇನಲ್ಲ. ಭಾರತದಲ್ಲಿ ವರ್ಷಕ್ಕೆ ಸುಮಾರು 78 ಲಕ್ಷ ಟನ್ ಜವಳಿ ತ್ಯಾಜ್ಯ ಸೇರುತ್ತದೆ, ಅದರಲ್ಲಿ ಹೆಚ್ಚುಕಡಿಮೆ ಅರ್ಧ ನಾವು ಬಳಸಿ ಬಿಟ್ಟ ಬಟ್ಟೆ ಎಂದು 'ಫ್ಯಾಷನ್ ಫಾರ್ ಗುಡ್' ಸಂಸ್ಥೆಯ 2022ರ ವರದಿ ಹೇಳುತ್ತದೆ. ಈ ಪ್ರಮಾಣವನ್ನು ಚಿಂದಿ ಆಯುವವರ ಕೈಗೋ ಪಾಣಿಪತ್ತಿನ ಯಂತ್ರಕ್ಕೋ ಬಿಟ್ಟು ಕೈ ತೊಳೆದುಕೊಳ್ಳಲು ಬರುವುದಿಲ್ಲ.

ಮೊಬೈಲ್‌ನಲ್ಲಿ ಬಂದ ಹಳೆ ಬಟ್ಟೆ

ಕೆಲವು ವರ್ಷಗಳಿಂದ ಇನ್‌ಸ್ಟಾಗ್ರಾಂನಲ್ಲಿ ಥ್ರಿಫ್ಟ್ ಅಂಗಡಿಗಳು ಹುಟ್ಟಿಕೊಂಡಿವೆ. ಕಾಲೇಜು ಹುಡುಗಿಯರು ತಮ್ಮದೋ ಸಂಗ್ರಹಿಸಿದ್ದೋ ಹಳೆ ಉಡುಪಿನ ಚೆಂದದ ಫೋಟೊ ಹಾಕಿ, ಅಳತೆ ಬರೆದು ಮಾರುತ್ತಾರೆ. ಬೆಂಗಳೂರಿನಂಥ ನಗರಗಳಲ್ಲಿ ಬಟ್ಟೆ ಅದಲುಬದಲು ಮಾಡಿಕೊಳ್ಳುವ ಕೂಟಗಳೂ ನಡೆಯುತ್ತವೆ. ನಾಚಿಕೆ ಬಿಡಿಸುವಲ್ಲಿ ಈ ಮಕ್ಕಳು ಮಾಡುತ್ತಿರುವ ಕೆಲಸಕ್ಕೆ ಮೆಚ್ಚುಗೆ ಸಲ್ಲಲೇಬೇಕು.

ಜೊತೆಗೆ ಎರಡು ಎಚ್ಚರಿಕೆ ಬೇಕು. ಮೊದಲನೆಯದು, ಅಗ್ಗವೆಂದು ಹಳೆಯದನ್ನೂ ರಾಶಿ ಹಾಕಿಕೊಳ್ಳುವುದು. ಹಳೆ ಅಂಗಿಯಿಂದ ನೀರು ಉಳಿಯುವುದು ಅದು ಒಂದು ಹೊಸ ಅಂಗಿಯ ಜಾಗಕ್ಕೆ ಬಂದಾಗ ಮಾತ್ರ. ಬ್ರಿಟನ್ನಿನಲ್ಲಿ ರ‍್ಯಾಪ್ ನಡೆಸಿದ ಅಧ್ಯಯನದಲ್ಲಿ ಹಳೆ ಬಟ್ಟೆಯ ಐದು ಖರೀದಿಗಳಲ್ಲಿ ಸುಮಾರು ಮೂರು ಮಾತ್ರ ಹೊಸ ಖರೀದಿಯನ್ನು ತಪ್ಪಿಸಿದವು. ಉಳಿದವು ಬೀರಿಗೆ ಇನ್ನೊಂದು ಸೇರ್ಪಡೆ ಅಷ್ಟೇ. ಇದ್ದದ್ದನ್ನು ರಿಪೇರಿ ಮಾಡಿಸಿ ತೊಡುವುದು ಇದಕ್ಕಿಂತ ಹೆಚ್ಚು ಫಲ ಕೊಟ್ಟಿತು. ಎರಡನೆಯದು, ಬಡವರು ಕೊಳ್ಳುವ ಬೀದಿಬದಿಯ ರಾಶಿಯಿಂದ ಒಳ್ಳೆಯದನ್ನೆಲ್ಲ ಸಗಟಾಗಿ ಎತ್ತಿ, ಹತ್ತು ಪಟ್ಟು ಬೆಲೆಗೆ ಆನ್‌ಲೈನ್‌ನಲ್ಲಿ ಮಾರುವುದು. ಚಳಿಗೆ ಜರ್ಕಿನ್ ಹುಡುಕಿಕೊಂಡು ಬರುವ ಕಟ್ಟಡ ಕಾರ್ಮಿಕನ ಪಾಲನ್ನು ಕಸಿದು ಸುಸ್ಥಿರತೆ ಸಾಧಿಸಲಾಗದು. ಅನುಕೂಲ ಇದ್ದವರು ತಮ್ಮಂಥವರ ಬೀರಿನಿಂದಲೇ ಕೊಳ್ಳುವುದು ಮೇಲು. ಸಹೋದ್ಯೋಗಿಗಳ ನಡುವೆ, ಅಪಾರ್ಟ್‌ಮೆಂಟಿನೊಳಗೆ, ಕಾಲೇಜಿನ ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅಂಥ ಮಾರಾಟ ಇಂದೇ ಶುರುವಾಗಬಹುದು. ಒಮ್ಮೆ ಉಟ್ಟು ಎತ್ತಿಟ್ಟ ಮದುವೆ ಸೀರೆ, ಲೆಹೆಂಗಾ, ಶೇರ್ವಾನಿಗಳು, ಮಕ್ಕಳು ಆರು ತಿಂಗಳಲ್ಲಿ ಮೀರಿ ಬೆಳೆದ ಫ್ರಾಕು, ಶಾಲೆಯ ಸ್ವೆಟರುಗಳು ಎಲ್ಲ ಕಡೆ ತುಂಬಿವೆ.

ಕೊಳ್ಳುವಾಗ, ತೊಡುವಾಗ

*ನೋಡುವುದು:* ಕಾಲರ್, ಕಂಕುಳು, ಪ್ಯಾಂಟಿನ ತೊಡೆಸಂದು, ಮೊಣಕಾಲು, ಜಿಪ್ ಇವಿಷ್ಟು ಗಟ್ಟಿಯಿದ್ದರೆ ಉಡುಪು ಬಾಳುತ್ತದೆ. ಗುಂಡಿ ಉದುರಿದ್ದರೆ, ಅಂಚು ಬಿಟ್ಟಿದ್ದರೆ ಚಿಂತೆಯಿಲ್ಲ, ರಿಪೇರಿಯಾಗುತ್ತದೆ. ಕಂಕುಳಲ್ಲಿ ಹಳದಿ ಹಿಡಿದದ್ದು, ಮುಗ್ಗಲು ವಾಸನೆ ಆಳಕ್ಕಿಳಿದದ್ದು ಬೇಡ. ರೇಷ್ಮೆ ಸೀರೆಯನ್ನು ಮಡಿಕೆಯ ಗೆರೆಯಲ್ಲಿ ಬಿಡಿಸಿ ನೋಡಬೇಕು, ಹಳೆ ರೇಷ್ಮೆ ಮೊದಲು ಸೀಳುವುದು ಅಲ್ಲಿ.

*ಅಳತೆ:* ಲೇಬಲ್‌ನ ಸೈಜನ್ನು ನಂಬಬಾರದು. ಒಗೆದ ಹತ್ತಿ ಕುಗ್ಗಿರುತ್ತದೆ. ಚೆನ್ನಾಗಿ ಹೊಂದುವ ನಿಮ್ಮದೇ ಉಡುಪಿನ ಭುಜ, ಎದೆ, ಉದ್ದದ ಅಳತೆ ಬರೆದಿಟ್ಟುಕೊಂಡು ಹೋಲಿಸಿ. ದೊಡ್ಡದನ್ನು ಚಿಕ್ಕದು ಮಾಡಬಹುದು, ಹೊಲಿಗೆಯೊಳಗೆ ಬಟ್ಟೆ ಬಿಟ್ಟಿಲ್ಲದಿದ್ದರೆ ಚಿಕ್ಕದನ್ನು ದೊಡ್ಡದು ಮಾಡಲಾಗದು.

*ಶುಚಿ:* ಮನೆಗೆ ತಂದದ್ದನ್ನು ಬೀರಿಗೆ ಸೇರಿಸುವ ಮೊದಲು ಬಿಸಿನೀರಿನಲ್ಲಿ ಸೋಪು ಹಾಕಿ ಒಗೆದು, ಒಳಮಗ್ಗುಲು ಹೊರಗೆ ಮಾಡಿ ಚುರುಕು ಬಿಸಿಲಿಗೆ ಒಣಗಿಸಿ, ಬಿಸಿ ಇಸ್ತ್ರಿ ಹಾಕಿದರೆ ಹುಳುಕಡ್ಡಿ, ತಿಗಣೆಯ ಭಯ ಬಹುಮಟ್ಟಿಗೆ ಹೋಗುತ್ತದೆ. ಬಿಸಿನೀರು ಒಗ್ಗದ ರೇಷ್ಮೆ, ಉಣ್ಣೆಯನ್ನು ಡ್ರೈಕ್ಲೀನಿಂಗ್‌ಗೆ ಕೊಡಬೇಕು. ಒಳಉಡುಪುಗಳನ್ನು ಮಾತ್ರ ಹೊಸದೇ ಕೊಳ್ಳಿ.

*ಟೈಲರ್:* ನಿಮ್ಮ ಬೀದಿಯ ಆಲ್ಟರೇಶನ್ ಟೈಲರನ್ನು ಪರಿಚಯ ಮಾಡಿಕೊಳ್ಳಿ. ಹಳೆ ಬಟ್ಟೆಗೆ ಕೊಟ್ಟ ಬೆಲೆಯ ಮೇಲೆ ಅವರ ಕೂಲಿಯನ್ನೂ ಸೇರಿಸಿಯೇ ಲೆಕ್ಕ ಹಾಕಿ. ರಫು ಮಾಡುವವರು ಇನ್ನೂ ಉಳಿದಿರುವ ಊರಾದರೆ ಅವರ ಬಳಿ ಒಮ್ಮೆ ಹೋಗಿ. ಅದೇ ಬಟ್ಟೆಯ ಒಳಅಂಚಿನಿಂದ ಎಳೆ ತೆಗೆದು, ತೂತಿನ ಮೇಲೆ ಹಾಸು-ಹೊಕ್ಕು ನೇಯ್ದು ಮುಚ್ಚುವ ಅವರ ಕೆಲಸಕ್ಕೆ ನಾವು ಕೊಡುವ ಕೂಲಿ ಸಾಲದು.

ಆಗಬೇಕಾದದ್ದು

ಯುರೋಪಿಯನ್ ಒಕ್ಕೂಟದ ದೇಶಗಳಲ್ಲಿ 2025ರ ಜನವರಿಯಿಂದ ಹಳೆ ಬಟ್ಟೆಯನ್ನು ಬೇರೆ ಕಸದಿಂದ ಪ್ರತ್ಯೇಕವಾಗಿ ಸಂಗ್ರಹಿಸುವುದು ಕಡ್ಡಾಯವಾಗಿದೆ. ನಮ್ಮಲ್ಲಿ 2023ರಲ್ಲಿ ಸ್ವಚ್ಛ ಭಾರತ ಅಭಿಯಾನದಡಿ ನಗರಗಳಲ್ಲಿ ಹಳೆ ಬಟ್ಟೆ, ಪುಸ್ತಕ, ಆಟಿಕೆ ಪಡೆಯುವ ಆರ್‌ಆರ್‌ಆರ್ ಕೇಂದ್ರಗಳು ತೆರೆದವು. ಅವು ಅಭಿಯಾನದ ಕೆಲವು ವಾರಗಳಿಗೆ ಸೀಮಿತವಾಗದೆ ವಾರ್ಡಿಗೊಂದರಂತೆ ವರ್ಷವಿಡೀ ನಡೆಯಬೇಕು, ಪಡೆದದ್ದನ್ನು ವಿಂಗಡಿಸಿ ಸಣ್ಣ ಬೆಲೆಗೆ ಮಾರುವ ಮಳಿಗೆಯೂ ಅಲ್ಲಿರಬೇಕು. ವಿಂಗಡಣೆ, ಒಗೆತ, ಹೊಲಿಗೆಯ ಕೆಲಸಕ್ಕೆ ನಮ್ಮ ಸ್ತ್ರೀಶಕ್ತಿ ಸಂಘಗಳಿವೆ, ಗಾರ್ಮೆಂಟ್ಸ್ ಬಿಟ್ಟ ನುರಿತ ಕೈಗಳಿವೆ. ಭಾನುವಾರದ ಪೇಟೆಯ ವ್ಯಾಪಾರಿಗಳಿಗೆ 2014ರ ಬೀದಿಬದಿ ವ್ಯಾಪಾರಿಗಳ ಕಾಯ್ದೆ ಕೊಟ್ಟ ಗುರುತಿನ ಚೀಟಿ, ನಿಗದಿತ ಜಾಗ, ಕುಡಿಯುವ ನೀರು, ಶೌಚಾಲಯ ತಲುಪಬೇಕು. ನಗರ ಬೇಡವೆಂದು ಬಿಟ್ಟದ್ದನ್ನು ಮತ್ತೆ ಬಳಕೆಗೆ ತರುವ ಅವರ ದುಡಿಮೆ ನಗರಾಡಳಿತದ ಹೊರೆಯನ್ನೇ ಇಳಿಸುತ್ತಿದೆ. ಅವರನ್ನು ಎತ್ತಂಗಡಿ ಮಾಡುವ ಊರು ತನ್ನ ಕಸವನ್ನು ತಾನೇ ಹೆಚ್ಚಿಸಿಕೊಳ್ಳುತ್ತದೆ.

ಉಳಿದದ್ದು ನಮ್ಮ ಕೈಯಲ್ಲಿದೆ. ದೀಪಾವಳಿಯ ರಿಯಾಯಿತಿ ಜಾಹೀರಾತು ಬರುವ ಮೊದಲು ಬೀರಿನಲ್ಲಿರುವುದನ್ನೆಲ್ಲ ಒಮ್ಮೆ ಹಾಸಿಗೆಯ ಮೇಲೆ ಹರವಿ. ಒಂದು ವರ್ಷದಿಂದ ಮುಟ್ಟದೆ ಇರುವುದನ್ನು ಒಗೆದು, ಇಸ್ತ್ರಿ ಹಾಕಿ, ಬೆಲೆ ಹೇಳಿ ಮಾರಿ. ಕೊಡುವುದಾದರೆ ಪಡೆಯುವವರು ಆರಿಸಿಕೊಳ್ಳುವಂತೆ ಕೊಡಿ. ಆಮೇಲೆ ನಿಮಗೆ ಬೇಕಾದ ಒಂದನ್ನಾದರೂ ಇನ್ನೊಬ್ಬರ ಬೀರಿನಿಂದ ಬೆಲೆ ಕೊಟ್ಟು ಕೊಳ್ಳಿ. ಯಾರಾದರೂ 'ಎಲ್ಲಿ ತಗೊಂಡ್ರಿ?' ಎಂದು ಕೇಳಿದರೆ ಇದ್ದದ್ದನ್ನು ಇದ್ದ ಹಾಗೆ ಹೇಳಿ. ಅನುಕೂಲಸ್ಥರು ಹಾಗೆ ಹೇಳಿದಷ್ಟೂ ಹಳೆ ಬಟ್ಟೆಗೆ ಅಂಟಿದ ಕೀಳರಿಮೆ ಕಳಚುತ್ತದೆ, ಅದನ್ನು ಇಲ್ಲದ ಕಾರಣಕ್ಕೆ ತೊಡುವವರ ಭುಜದ ಮೇಲಿನ ಭಾರವೂ ಅಷ್ಟೇ ಇಳಿಯುತ್ತದೆ.